ಕಾಲು ಕಾಯ್ದ ಪೈಲ್ವಾನ

"ಮಾಸ್ಟ್ರೇ, ಕೆಳಗಿರೋರು ಎಷ್ಟು ಹೊತ್ತು ಕಾಯ್ಬೇಕು?" ಎಂದು ಪೂರ್ಣಿಮಾ ಕೇಳಿದಳು.

ಕೇಳಿದ ಜಾಗ ಮೈಸೂರಿನ ಒಂದು ಜಿಯು ಜಿಟ್ಸು ಶಾಲೆ. ಕೇಳಿಸಿಕೊಂಡವರು ಅಲ್ಲಿನ ಗುರು ಮಾದಯ್ಯ. ಬ್ರೆಜಿಲ್ ದೇಶದಿಂದ ಬಂದ ಈ ಕಾಳಗದಲ್ಲಿ ಬೆನ್ನು ನೆಲಕ್ಕೆ ತಾಗಿದ ಮಾತ್ರಕ್ಕೆ ಯಾರೂ ಸೋಲುವುದಿಲ್ಲ. ಕೆಳಗಿದ್ದವರು ತಮ್ಮ ಎರಡು ಕಾಲುಗಳನ್ನು ಎದುರಾಳಿಗೆ ಅಡ್ಡ ಹಿಡಿದು ಮೈಯನ್ನು ಕಾಯುತ್ತಾರೆ. ಅದಕ್ಕೆ ಗಾರ್ಡ್ ಎಂದು ಹೆಸರು. ಮೇಲಿದ್ದವರು ಆ ಕಾಲುಗಳನ್ನು ಸುತ್ತಿಕೊಂಡು ಪಕ್ಕಕ್ಕೆ ಬಂದು ಎದೆಯ ಮೇಲೆ ಒರಗಬೇಕು. ಅದಕ್ಕೆ ಪಾಸ್ ಎಂದು ಹೆಸರು. ಪೂರ್ಣಿಮಾಳ ಕಾಲುಗಳನ್ನು ಐದು ತಿಂಗಳಿಂದ ಶಾಲೆಯಲ್ಲಿ ಯಾರೂ ದಾಟಿರಲಿಲ್ಲ. ಅವಳು ಯಾರನ್ನೂ ಗೆದ್ದೂ ಇರಲಿಲ್ಲ. ಇದು ಹೇಗೆ ಎಂಬುದೇ ಅವಳ ತಲೆ ತಿನ್ನುತ್ತಿತ್ತು.

"ಇನ್ನೂ ಗಟ್ಟಿಯಾಗಿ ಕಾಯೋದು ಹೇಗೆ ಅಂತ ಹೇಳ್ಕೊಡಿ," ಎಂದಳು.

ಗುರು ಮುಖ ಒರೆಸಿಕೊಂಡು ಮ್ಯಾಟಿನ ಅಂಚಿನಲ್ಲಿ ಕೂತರು. ಅವಳಿಗೂ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಆ ಊರಿನಲ್ಲಿ ಒಂದು ಗರಡಿ. ಗರಡಿಯಲ್ಲಿ ಕುಸ್ತಿ ಕಲಿಸುವ ಒಬ್ಬ ವಸ್ತಾದ್, ಅವರ ಕೈಕೆಳಗೆ ಒಬ್ಬ ಪೈಲ್ವಾನ. ಪೈಲ್ವಾನನ ಮೈಯಲ್ಲಿ ಕಸುವಿತ್ತು, ತಲೆಯಲ್ಲಿ ಕುತೂಹಲವಿತ್ತು. ಕಸುವಿಗಿಂತ ಕುತೂಹಲವೇ ಒಂದು ಹಿಡಿ ಜಾಸ್ತಿ. ಹೊಸ ಪಟ್ಟೊಂದು ಕಣ್ಣಿಗೆ ಬಿದ್ದರೆ ಅದರ ಬುಡ ಯಾವುದು, ತುದಿ ಯಾವುದು ಎಂದು ತಿಳಿಯುವ ತನಕ ಅವನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ವಸ್ತಾದರ ಹತ್ತಿರ ಒಂದು ಪಟ್ಟಿತ್ತು. ಅವರ ವಸ್ತಾದರು ಅವರಿಗೊಬ್ಬರಿಗೇ ಕಲಿಸಿದ್ದು. ಅದಕ್ಕೆ ಹೆಸರೂ ಇರಲಿಲ್ಲ. ತಮ್ಮ ಎರಡರಷ್ಟು ತೂಕದ ಜಟ್ಟಿಯೊಬ್ಬನನ್ನು ಪ್ರಾಯದಲ್ಲಿ ಅವರು ಅದರಿಂದಲೇ ಕೆಡವಿದ್ದರಂತೆ. ನೋಡಿದವರು ಬಹಳ ಮಂದಿ. ಏನು ನೋಡಿದೆವು ಎಂದು ಹೇಳಬಲ್ಲವರು ಒಬ್ಬರೂ ಇಲ್ಲ. ಕೈ ಒಳಗೆ ಹೋಯಿತು ಎನ್ನುವವರು ಕೆಲವರು, ಕುತ್ತಿಗೆ ತಿರುಗಿತು ಎನ್ನುವವರು ಕೆಲವರು. ಪೈಲ್ವಾನ ದಿನಕ್ಕೊಂದು ಸಲ ಅದನ್ನು ಕೇಳುತ್ತಿದ್ದ. ನಿನ್ನ ಸೊಂಟ ಇನ್ನೂ ಮಾತು ಕೇಳುತ್ತಿಲ್ಲ ಎಂದು ವಸ್ತಾದರು ದಿನಕ್ಕೊಂದು ಸಲ ತಳ್ಳಿಹಾಕುತ್ತಿದ್ದರು. ಕೊನೆಗೆ ಒಂದು ಯುಗಾದಿಯ ಮಾರನೆಯ ದಿನ, ಈ ವರ್ಷ ಕಲಿಸುತ್ತೇನೆ ಎಂದು ಮಾತು ಕೊಟ್ಟರು. ಅಂದು ಪೈಲ್ವಾನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಗರಡಿಯಲ್ಲಿ ಒಂದು ಕಟ್ಟಳೆಯಿತ್ತು. ಬಗ್ಗಿ ಮಣ್ಣು ಮುಟ್ಟಬೇಕು, ಹಣೆಗೆ ಒತ್ತಿಕೊಳ್ಳಬೇಕು, ಆಮೇಲೆ ಎದುರಾಳಿಯ ಮೈ ಮುಟ್ಟಬೇಕು. ಮಣ್ಣು ಮುಟ್ಟದೆ ಪಟ್ಟು ಹಾಕಬಾರದು. ಸೇರಿದ ಮೊದಲ ದಿನ ವಸ್ತಾದರು ಹೇಳುತ್ತಿದ್ದದ್ದು ಇದೊಂದನ್ನೇ. ಇನ್ನೊಂದು ಕಟ್ಟಳೆ ಎಲ್ಲ ಗರಡಿಗಳಿಗೂ ಸೇರಿದ್ದು. ಯಾರ ಬೆನ್ನು ಮಣ್ಣಿಗೆ ತಾಗಿತೋ ಅವನು ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಗೆದ್ದವನು ಕೈ ಕೊಟ್ಟು ಬಿದ್ದವನನ್ನು ಎಬ್ಬಿಸಬೇಕು. ಹಾಗೆ ಎಬ್ಬಿಸದವನನ್ನು ಯಾರೂ ಪೈಲ್ವಾನ ಎನ್ನುತ್ತಿರಲಿಲ್ಲ.

ಅದೇ ವರ್ಷ ಊರಿಗೆ ಒಬ್ಬ ಹೊಸಬ ಬಂದ. ಬಸ್ ನಿಲ್ದಾಣದ ಹಿಂದಿನ ಹಳೆಯ ಗೋದಾಮಿನಲ್ಲಿ ನೆಲಕ್ಕೆ ಮ್ಯಾಟ್ ಹಾಸಿ, ಜಿಯು ಜಿಟ್ಸು ಕಲಿಸುತ್ತೇನೆ ಎಂದು ಬೋರ್ಡು ಹಾಕಿದ. ಊರವರು ಅವನನ್ನು ಮ್ಯಾಟಿನವನು ಎಂದೇ ಕರೆದರು. ಅಲ್ಲಿ ಮಲಗಿಕೊಂಡು ಕುಸ್ತಿ ಆಡುತ್ತಾರಂತೆ ಎಂಬ ಸುದ್ದಿ ಗರಡಿಗೆ ಬಂತು. ಎಲ್ಲರೂ ನಕ್ಕರು. ಪೈಲ್ವಾನನೂ ನಕ್ಕ. ಸಂಜೆಯಾಗುತ್ತಲೇ ನೋಡಲು ಹೋದವನು ಮಾತ್ರ ಅವನೊಬ್ಬನೇ.

ಮ್ಯಾಟಿನವನು ಮರ್ಯಾದಸ್ಥ. ಒಂದು ಕೈ ನೋಡೋಣ ಬನ್ನಿ ಎಂದು ತಾನೇ ಕರೆದ. ಪೈಲ್ವಾನ ಅಂಗಿ ಕಳಚಿ, ಅಭ್ಯಾಸಬಲದಿಂದ ಮಣ್ಣಿಗಾಗಿ ಬಗ್ಗಿದ. ಕೈಗೆ ರಬ್ಬರು ಸಿಕ್ಕಿತು. ರಬ್ಬರನ್ನು ಹಣೆಗೆ ಒತ್ತಿಕೊಳ್ಳಲು ನಾಚಿಕೆಯಾಗಿ ಹಾಗೇ ಮೇಲೆದ್ದ. ಮರುಗಳಿಗೆಯಲ್ಲಿ ಮ್ಯಾಟಿನವನ ಒಂದು ಕಾಲನ್ನು ಅಪ್ಪಿ ಎತ್ತಿ ಕೆಡವಿದ. ಮ್ಯಾಟಿನವನು ಅಂಗಾತ ಬಿದ್ದ. ಪೈಲ್ವಾನನ ಪ್ರಕಾರ ಕುಸ್ತಿ ಮುಗಿದಿತ್ತು. ಅವನು ನೆಟ್ಟಗೆ ನಿಂತು, ನಗುತ್ತಾ, ಬಿದ್ದವನನ್ನು ಎಬ್ಬಿಸಲು ಕೈ ಕೊಟ್ಟ.

ಮ್ಯಾಟಿನವನ ಪ್ರಕಾರ ಕುಸ್ತಿ ಈಗಷ್ಟೇ ಶುರುವಾಗಿತ್ತು. ಇಷ್ಟು ಸಲೀಸಾಗಿ ಅವನಿಗೆ ಯಾರೂ ತೋಳು ಒಪ್ಪಿಸಿರಲಿಲ್ಲ. ಕೊಟ್ಟ ಕೈಯನ್ನು ಎಳೆದುಕೊಂಡ, ಎರಡು ಕಾಲುಗಳನ್ನು ಭುಜದ ಮೇಲೆ ಹಾಯಿಸಿ ಬಿಗಿದ, ಮೊಣಕೈಯನ್ನು ಹಿಂದಕ್ಕೆ ಒತ್ತಿದ. ಪೈಲ್ವಾನ ಬೀದಿಗೆ ಕೇಳುವ ಹಾಗೆ ಕೂಗಿಕೊಂಡ. ಬಾಗಿಲಲ್ಲಿ ಗುಂಪುಗೂಡಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೈಲ್ವಾನ ಕೈ ಕೊಟ್ಟನಂತೆ ಎಂಬ ಮಾತು ಅದರ ಎರಡು ಅರ್ಥದಲ್ಲೂ ವಾರವಿಡೀ ಊರಲ್ಲಿ ಓಡಾಡಿತು.

ಮ್ಯಾಟಿನವನು ಮೋಸ ಮಾಡಿರಲಿಲ್ಲ, ಅದು ಪೈಲ್ವಾನನಿಗೂ ಗೊತ್ತಿತ್ತು. ಆದರೂ ಅವಮಾನ ಅವಮಾನವೇ. ಮನೆಗೆ ಹೋಗುವ ದಾರಿಯಲ್ಲಿ ಅವನು ಗರಡಿಯ ಮುಂದೆ ನಿಂತ. ಗರಡಿಯ ಬಾಗಿಲು ಗಿಡ್ಡ. ಎಂಥವನೇ ಆದರೂ ಮಂಡಿ, ಸೊಂಟ ಎರಡನ್ನೂ ಬಗ್ಗಿಸಿಯೇ ಒಳಗೆ ಹೋಗಬೇಕು. ಅಂದು ಅವನಿಗೆ ಬಗ್ಗಲು ಮನಸ್ಸಾಗಲಿಲ್ಲ. ಮ್ಯಾಟಿನವನನ್ನು ಗೆಲ್ಲುವ ತನಕ ಈ ಬಾಗಿಲೊಳಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಹೆಚ್ಚೆಂದರೆ ಒಂದು ತಿಂಗಳ ಮಾತು. ಗೆದ್ದು ಬಂದು ಆ ಹೆಸರಿಲ್ಲದ ಪಟ್ಟು ಕಲಿಯುತ್ತೇನೆ ಎಂದುಕೊಂಡ.

ಅವಮಾನದ ಜೊತೆಗೆ ಇನ್ನೊಂದು ಯೋಚನೆಯೂ ಅವನನ್ನು ಕೊರೆಯುತ್ತಿತ್ತು. ಅಂಗಾತ ಬಿದ್ದವನು ಗೆದ್ದದ್ದು ಹೇಗೆ? ಮಾರನೆಯ ದಿನ ಅವನು ತನ್ನನ್ನು ಸೋಲಿಸಿದವನ ಹತ್ತಿರವೇ ಶಿಷ್ಯನಾಗಿ ಸೇರಿದ. ಮ್ಯಾಟಿನವನು ಸಂತೋಷದಿಂದಲೇ ಕಲಿಸಿದ.

ತಾನು ಯಾಕೆ ಸೋತೆ ಎಂದು ಪೈಲ್ವಾನ ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದ. ಮಣ್ಣು ಮುಟ್ಟದೆ ಪಟ್ಟು ಹಾಕಿದೆ, ತಕ್ಕ ಶಾಸ್ತಿಯಾಯಿತು. ಮ್ಯಾಟಿನ ಮೇಲೆ ಮಣ್ಣಿಲ್ಲ, ಆದ್ದರಿಂದ ಅಲ್ಲಿ ಗರಡಿಯ ಪಟ್ಟು ಸಲ್ಲದು. ಗರಡಿಯದು ನಿಂತವನ ವಿದ್ಯೆ, ಮ್ಯಾಟಿನದು ಮಲಗಿದವನ ವಿದ್ಯೆ. ಹೀಗೆ ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ, ಒಂದನ್ನು ಅಟ್ಟದ ಮೇಲೆ ಎಸೆದ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಬೇಕಾದವರು ಗಿಡ್ಡ ಬಾಗಿಲಿನ ಆಚೆ ಇದ್ದರು.

ಒಂದು ತಿಂಗಳು ಹೋಯಿತು. ಒಂದು ವರ್ಷವೂ ಹೋಯಿತು. ಪೈಲ್ವಾನ ಕೆಳಗೆ ಮಲಗಿ ಕಾಲು ಕಾಯುವುದನ್ನು ಕಲಿತ. ಎದುರಾಳಿ ಎಡಕ್ಕೆ ಸುತ್ತಿದರೆ ಇವನ ಕಾಲು ಅವನಿಗಿಂತ ಮೊದಲೇ ಎಡಕ್ಕೆ ಹೋಗಿರುತ್ತಿತ್ತು. ಬಲಕ್ಕೆ ಹಾರಿದರೆ ಅಲ್ಲೂ ಮೊಣಕಾಲು ಅಡ್ಡ ನಿಂತಿರುತ್ತಿತ್ತು. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಆ ಕಾಲುಗಳನ್ನು ದಾಟುವವರು ಗೋದಾಮಿನಲ್ಲಿ ಯಾರೂ ಉಳಿಯಲಿಲ್ಲ.

ಪ್ರತಿ ಶನಿವಾರ ಸಂಜೆ ಗುರುವಿಗೂ ಶಿಷ್ಯನಿಗೂ ಹತ್ತು ನಿಮಿಷದ ಜೋಡಿ. ಗಂಟೆ ಬಾರಿಸುತ್ತಲೇ ಪೈಲ್ವಾನ ತಾನಾಗಿ ಹೋಗಿ ಮಲಗುತ್ತಿದ್ದ. ಮ್ಯಾಟಿನವನು ಅವನ ಪ್ಯಾಂಟಿನ ತುದಿ ಹಿಡಿದು ಎಳೆಯುತ್ತಿದ್ದ, ತಳ್ಳುತ್ತಿದ್ದ, ಸುತ್ತುತ್ತಿದ್ದ. ದಾಟಲು ಆಗುತ್ತಿರಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಆಟ ಸಮ. ನಿಮ್ಮ ಗಾರ್ಡ್ ದಾಟಲು ನನ್ನಿಂದಲೂ ಆಗದು ಎಂದು ಮ್ಯಾಟಿನವನು ಬಾಯಿ ತುಂಬ ಹೊಗಳುತ್ತಿದ್ದ. ಪೈಲ್ವಾನ ಎದೆಯುಬ್ಬಿಸಿಕೊಂಡು ಮನೆಗೆ ಹೊರಡುತ್ತಿದ್ದ. ಗರಡಿಯ ಬೀದಿಗೆ ಬಂದಾಗ ಎದೆ ಕುಸಿಯುತ್ತಿತ್ತು. ಸೋತಿಲ್ಲ, ನಿಜ. ಗೆದ್ದೂ ಇಲ್ಲವಲ್ಲ. ಒಳಗೆ ಯಾರೋ ಮಣ್ಣಿಗೆ ಬಿದ್ದ ಸದ್ದು ಕೇಳುತ್ತಿತ್ತು. ಬರಬರುತ್ತಾ ಅವನು ಆ ಬೀದಿಯನ್ನೇ ಬಿಟ್ಟು ಸುತ್ತು ದಾರಿಯಲ್ಲಿ ಹೋಗತೊಡಗಿದ.

ನಡುವೆ ಒಮ್ಮೆ ವಸ್ತಾದರು ಗರಡಿಯ ಜೊತೆಗಾರನೊಬ್ಬನ ಕೈಲಿ ಹೇಳಿಕಳಿಸಿದರು. ಬಾ ಎಂದಷ್ಟೇ ಹೇಳಿಕಳಿಸಿದ್ದು. ಗೆದ್ದು ಬರುತ್ತೇನೆ ಎಂದು ಪೈಲ್ವಾನ ಉತ್ತರ ಕಳಿಸಿದ. ಆ ಪಟ್ಟನ್ನು ಅವನು ಮರೆತಿರಲಿಲ್ಲ. ಅದು ಕೈಯಿಂದ ಶುರುವಾಗುತ್ತದೋ ಸೊಂಟದಿಂದ ಶುರುವಾಗುತ್ತದೋ ಎಂದು ಊಟದ ಎಲೆಯ ಮುಂದೆ ಕೂತಾಗಲೂ ಯೋಚಿಸುತ್ತಿದ್ದ.

ಮೂರನೆಯ ವರ್ಷದ ಒಂದು ಶನಿವಾರ ವಸ್ತಾದರೇ ಗೋದಾಮಿಗೆ ಬಂದರು. ಕೈಯಲ್ಲಿ ಕೋಲಿತ್ತು. ಎಲ್ಲರ ಹಾಗೆ ನೆಲದ ಮೇಲೆ ಕೂರದೆ ಕುರ್ಚಿ ಕೇಳಿದರು. ಪೈಲ್ವಾನ ಎರಡನ್ನೂ ನೋಡಿದ. ಆದರೆ ಅವನ ತಲೆಯ ತುಂಬ ಅಂದಿನ ಆಟವೇ ಇತ್ತು. ಅವರ ಕಾಲು ಮುಟ್ಟಿ ನಮಸ್ಕರಿಸಿ, ನೇರ ಹೋಗಿ ಅಂಗಾತ ಮಲಗಿದ.

ತಾವು ಸಾಕಿದ ಪೈಲ್ವಾನ ತಾನಾಗಿ ಬೆನ್ನನ್ನು ನೆಲಕ್ಕೆ ಹಚ್ಚಿದ್ದನ್ನು ಕಂಡು ವಸ್ತಾದರ ಹುಬ್ಬು ಮೇಲೇರಿತು. ಬೈಯಲಿಲ್ಲ. ಅವರಿಗೂ ಕುತೂಹಲವಿತ್ತು. ಕೋಲಿನ ಮೇಲೆ ಗದ್ದ ಊರಿ ಹತ್ತು ನಿಮಿಷವೂ ಕಣ್ಣು ಮಿಟುಕಿಸದೆ ನೋಡಿದರು. ಆಟ ಎಂದಿನಂತೆ ಸಮವಾಯಿತು. ಪೈಲ್ವಾನ ಬೆವರು ಒರೆಸಿಕೊಳ್ಳುತ್ತಾ, ಹೊಗಳಿಕೆಗೆ ಕಿವಿ ತೆರೆದುಕೊಂಡು ಬಂದ.

"ಇಷ್ಟ್ ಹೊತ್ತು ಏನ್ಲಾ ಮಾಡ್ತಿದ್ದೆ?" ಎಂದು ವಸ್ತಾದರು ಕೇಳಿದರು.

"ಕಾಯ್ತಿದ್ದೆ ವಸ್ತಾದ್ರೇ."

"ಯಾರ್ಗೆ?"

ಮ್ಯಾಟಿನವನು ಜೋರಾಗಿ ನಕ್ಕ. ಪೈಲ್ವಾನನಿಗೆ ನಗು ಬರಲಿಲ್ಲ. ಕಾಯುವುದೆಂದರೆ ಕಾಪಾಡುವುದೂ ಹೌದು, ಬರುವವರ ದಾರಿ ನೋಡುತ್ತಾ ಕೂರುವುದೂ ಹೌದು. ಮೂರು ವರ್ಷ ಅವನು ಮೊದಲನೆಯದನ್ನು ಮಾಡುತ್ತಿದ್ದೇನೆ ಎಂದುಕೊಂಡು ಎರಡನೆಯದನ್ನು ಮಾಡಿದ್ದ.

"ಅವ್ನು ನಿನ್ನ ಸುತ್ತಿ ಬರ್ಬೇಕಾದ್ರೆ ಒಂದ್ ಕಾಲ ನಿನ್ ಪಕ್ಕದಾಗೆ ಊರ್ಲೇಬೇಕು," ಎಂದರು ವಸ್ತಾದರು. "ಹತ್ ಸಲ ಊರ್ದ. ಹತ್ ಸಲಾನೂ ನೀನು ಅವನ ಕಾಲ ಬಿಟ್ಟು ನಿನ್ ಕಾಲನ್ನೇ ನೋಡ್ಕಂಡಿದ್ದೆ. ಎದ್ದು ಅದ್ನ ಹಿಡಿಯಾಕೆ ನಿಂಗೇನ್ಲಾ ದಾಡಿ?"

"ಮಣ್ ಮುಟ್ದೆ ಪಟ್ಟು ಹಾಕ್ಬೇಡ ಅಂದೋರು ನೀವೇ ಅಲ್ವರಾ? ಇಲ್ಲಿ ಮಣ್ಣೆಲ್ಲೈತೆ?"

ವಸ್ತಾದರು ಹಣೆ ಚಚ್ಚಿಕೊಂಡರು.

"ಅಯ್ಯೋ ಬೆಪ್ಪೇ! ನಿಂತೋನು ಬಗ್ಲಿ ಅಂತ ಕಣೋ ಮಣ್ ಮುಟ್ಟು ಅಂದಿದ್ದು. ಬಗ್ದೆ ಹೋದ್ರೆ ಎದುರಾಳಿ ಕಾಲು ಕೈಗೆ ಸಿಗಾಕಿಲ್ಲ. ನೀನು ಬಗ್ಗಿದ್ದೂ ಆಯ್ತು, ಮಲಗಿದ್ದೂ ಆಯ್ತು. ಇನ್ನ ಏಳಾದೊಂದೇ ಬಾಕಿ."

ಇಷ್ಟು ಹೇಳಿ ಅವರು ಕೋಲೂರಿಕೊಂಡು ಹೊರಟರು. ಆ ಪಟ್ಟಿನ ವಿಷಯ ಪೈಲ್ವಾನನ ನಾಲಗೆಯ ತುದಿಯ ತನಕ ಬಂದಿತ್ತು. ಗೆದ್ದ ಮೇಲೆ ಕೇಳಿದರಾಯಿತು ಎಂದು ನುಂಗಿಕೊಂಡ.

ಮುಂದಿನ ಶನಿವಾರ ಅವನು ಕೆಳಗಿನಿಂದ ಏಳಲು ನೋಡಿದ. ಅವಸರವಾಯಿತು. ಮ್ಯಾಟಿನವನು ಇನ್ನೂ ದೂರವಿದ್ದ, ಕಾಲು ಹಿಂದಕ್ಕೆ ಎಳೆದುಕೊಂಡ. ಅದರ ಮುಂದಿನ ಶನಿವಾರ ತಡವಾಯಿತು. ಅಷ್ಟರಲ್ಲಿ ಮ್ಯಾಟಿನವನು ಸುತ್ತಿ ಬಂದು ಎದೆಯ ಮೇಲೆ ಒರಗಿದ್ದ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಯಾರೋ ಪೈಲ್ವಾನನ ಕಾಲು ದಾಟಿದ್ದರು. ವಿಚಿತ್ರವೆಂದರೆ ಅವನಿಗೆ ಬೇಸರವಾಗಲಿಲ್ಲ. ಎದೆಯ ಮೇಲಿನ ಭಾರದ ಕೆಳಗೂ ಅವನು ಅದೇ ಯೋಚನೆಯಲ್ಲಿದ್ದ. ಬೇಗನೂ ಅಲ್ಲ, ತಡವೂ ಅಲ್ಲ, ಹಾಗಾದರೆ ಯಾವಾಗ? ಆ ವಾರವೆಲ್ಲ ಗೋದಾಮಿನಲ್ಲಿ ಬೇರೆಯವರು ಆಡುವುದನ್ನು ನೋಡಿದ. ಯಾರ ಮುಖವನ್ನೂ ನೋಡಲಿಲ್ಲ, ಪಾದ ನೋಡಿದ. ಸುತ್ತಿ ಬರುವವನು ಪಕ್ಕದಲ್ಲಿ ಒಂದು ಪಾದ ಊರಿ ಇನ್ನೊಂದನ್ನು ಎತ್ತುತ್ತಾನೆ. ಎತ್ತಿದ್ದು ನೆಲಕ್ಕೆ ಬರುವ ತನಕ ಅವನ ಇಡೀ ಭಾರ ಒಂದೇ ಕಾಲಿನ ಮೇಲೆ. ಎಲ್ಲರೂ ಹಾಗೇ ಬರುತ್ತಿದ್ದರು. ಮೂರು ವರ್ಷದಿಂದಲೂ ಹಾಗೇ ಬರುತ್ತಿದ್ದರು.

ಮೂರನೆಯ ಶನಿವಾರ. ಮ್ಯಾಟಿನವನು ಪೈಲ್ವಾನನ ಎರಡು ಕಾಲುಗಳನ್ನು ಎಡಕ್ಕೆ ತಳ್ಳಿ, ತಾನು ಬಲಕ್ಕೆ ಹಾರಿ, ಒಂದು ಪಾದ ಊರಿದ. ಪೈಲ್ವಾನನ ಕಾಲುಗಳು ಅಭ್ಯಾಸದಂತೆ ಅಡ್ಡ ಬರಲು ಹೊರಟವು. ಅವನು ಅವನ್ನು ಬಿಟ್ಟ. ಪಕ್ಕಕ್ಕೆ ಹೊರಳಿದ, ಮೊಣಕೈ ಊರಿದ, ಅಂಗೈ ಊರಿದ, ಎದ್ದು ಕೂತ. ಇನ್ನೊಂದು ತೋಳಿನಿಂದ ಊರಿದ ಕಾಲನ್ನು ಮಂಡಿಯ ಹಿಂದೆ ಅಪ್ಪಿಕೊಂಡ. ಕಿವಿಯನ್ನು ಆ ತೊಡೆಗೆ ಒತ್ತಿ ಹಾಗೇ ಎದ್ದು ನಿಂತ. ಮ್ಯಾಟಿನವನು ಒಂಟಿಗಾಲಲ್ಲಿ ಕುಪ್ಪಳಿಸಿದ. ಪೈಲ್ವಾನ ಭುಜದಿಂದ ಒತ್ತಿ ಅರ್ಧ ಸುತ್ತು ತಿರುಗಿದ. ಮ್ಯಾಟಿನವನು ಬಿದ್ದ, ಪೈಲ್ವಾನ ಅವನ ಮೇಲೆ ಬಿದ್ದ, ಗಂಟೆ ಬಾರಿಸುವ ತನಕ ಎದೆಗೆ ಎದೆ ಕೊಟ್ಟು ಮೇಲೇ ಉಳಿದ. ಕೆಳಗಿದ್ದವನು ಮೇಲೆ ಬಂದು ಹಾಗೇ ಉಳಿದರೆ ಮ್ಯಾಟಿನ ಕಟ್ಟಳೆಯ ಪ್ರಕಾರವೂ ಅದು ಗೆಲುವು.

"ಗೆದ್ರಿ," ಎಂದ ಮ್ಯಾಟಿನವನು ಏದುಸಿರು ಬಿಡುತ್ತಾ. "ಇದನ್ನ ನಂಗೂ ಹೇಳ್ಕೊಡಿ."

ಪೈಲ್ವಾನ ನಾಳೆ ಎಂದ. ಅಂಗಿಯ ಗುಂಡಿ ಹಾಕಿಕೊಳ್ಳದೆ ಗರಡಿಗೆ ಓಡಿದ. ಸುತ್ತು ದಾರಿಯಲ್ಲಿ ಹೋಗಲಿಲ್ಲ, ನೆಟ್ಟಗೆ ಹೋದ.

ವಸ್ತಾದರು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು.

"ಗೆದ್ದೆ ವಸ್ತಾದ್ರೇ! ನಡೀರಿ ಒಳಕ್ಕೆ. ಆ ಪಟ್ಟು ಹೇಳ್ಕೊಡ್ತೀನಿ ಅಂದಿದ್ರಲ್ಲ, ಇವತ್ತೇ ಶುರು ಮಾಡಾವ."

"ನೀನ್ ಹೋಗ್ ಮಗಾ," ಎಂದರು ವಸ್ತಾದರು. "ನಂಗೆ ಮಂಡಿ ಬಗ್ಗಾಕಿಲ್ಲ. ಹೋದ ಕಾರ್ತಿಕದಿಂದ ಈ ಬಾಗ್ಲು ದಾಟಿಲ್ಲ ನಾನು."

ಪೈಲ್ವಾನನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಆ ಕೋಲು, ಆ ಕುರ್ಚಿ ಕಣ್ಣ ಮುಂದೆ ಬಂದವು. ಎತ್ತಿಕೊಂಡೇ ಒಳಗೆ ಕರೆದೊಯ್ಯಲೇ ಎಂದು ಯೋಚಿಸಿದ. ಒಯ್ದು ಏನು ಮಾಡುವುದು? ಮಂಡಿಯಿಲ್ಲದೆ ಪಟ್ಟು ಎಲ್ಲಿಯದು? ಹೋಗಲಿ, ಬಾಯಲ್ಲೇ ಹೇಳಿ ಎಂದು ಅಂಗಲಾಚಿದ. ವಸ್ತಾದರು ಇಲ್ಲವೆನ್ನಲಿಲ್ಲ. ಕೂತಲ್ಲೇ ಎರಡು ಕೈಗಳನ್ನು ಗಾಳಿಯಲ್ಲಿ ಎತ್ತಿದರು. ಬಲಗೈ ಎಲ್ಲಿಗೋ ಹೋಗಿ ನಿಂತಿತು. ಸೊಂಟ ತಿರುಗಿಸಲು ನೋಡಿದರು, ತಿರುಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು. ಮೂರು ಸಲ ಮಾಡಿ ಕೈ ಕೆಳಗಿಳಿಸಿದರು.

"ಇದು ಬಾಯ್ಗೆ ಗೊತ್ತಿಲ್ಲ ಕಣೋ, ಮೈಗೆ ಗೊತ್ತಿತ್ತು."

"ಮಂಡಿ ಹಿಂಗಾಗೈತೆ ಅಂತ ಒಂದ್ ಮಾತು ಯಾಕ್ ಹೇಳಿಕಳಿಸ್ಲಿಲ್ಲ ನೀವು?"

"ಬಾ ಅಂತ ಹೇಳಿಕಳಿಸಿದ್ನಲ್ಲಪ್ಪಾ."

ಪೈಲ್ವಾನ ಕಲ್ಲಿನ ಬುಡದಲ್ಲಿ ಕೂತು ಮಗುವಿನ ಹಾಗೆ ಅತ್ತ. ವಸ್ತಾದರು ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ, ಅವನ ಬೆನ್ನು ಸವರುತ್ತಾ ಕೂತರು. ಗರಡಿಯ ಬಾಗಿಲು ತೆರೆದೇ ಇತ್ತು. ಮೂರು ವರ್ಷವೂ ತೆರೆದೇ ಇತ್ತು.

ಗುರು ಕತೆ ನಿಲ್ಲಿಸಿದರು.

ಪೂರ್ಣಿಮಾ ತನ್ನ ಕಾಲುಗಳನ್ನೇ ನೋಡಿಕೊಂಡಳು. ಅಂಗೈಯನ್ನು ಮ್ಯಾಟಿನ ಮೇಲೆ ಊರಿ, ಪಕ್ಕಕ್ಕೆ ಹೊರಳಿ, ಏಳುವುದು ಹೇಗೆಂದು ಕೂತಲ್ಲೇ ಒಮ್ಮೆ ಮಾಡಿ ನೋಡಿದಳು. ಊರಿದ ಕಾಲು ಯಾವುದು, ಎತ್ತಿದ ಕಾಲು ಯಾವುದು ಎಂದು ಬೆರಳಿನಿಂದ ಮ್ಯಾಟಿನ ಮೇಲೆ ಗೆರೆ ಎಳೆದಳು. ಅದೆಲ್ಲ ಅವಳಿಗೆ ತಿಳಿಯಿತು. ಆದರೆ ಅವಳ ಮನಸ್ಸು ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು.

"ಆ ಹೆಸರಿಲ್ಲದ ಪಟ್ಟು ಯಾವ್ದು ಅಂತ ಕೊನೆಗೂ ಗೊತ್ತಾಗ್ಲೇ ಇಲ್ವಾ ಮಾಸ್ಟ್ರೇ?" ಎಂದು ಕೇಳಿದಳು.

"ಆಗ ನಾನು ಮೂರು ವರ್ಷ ಮುಂಚೆ ಎದ್ದು ಹೋಗಿದ್ದಿದ್ರೆ, ಇವತ್ತು ನಿಂಗೆ ಅದನ್ನೇ ಹೇಳ್ಕೊಡ್ತಿದ್ದೆ ಕಣಮ್ಮ," ಎಂದರು ಗುರು.